ಚೆಂಡಿಗೊಬ್ಬ, ಆಟಗಾರರಿಗೊಬ್ಬ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಶಾಲೆಯಿಂದ ಕರೆ ಬಂದಾಗ, ಇಲ್ಲಿ ದೈಹಿಕ ಶಿಕ್ಷಕನಾಗಿದ್ದ ನಾನು ಏನು ಬರೆಯಲಿ ಎಂದು ಎರಡು ದಿನ ಯೋಚಿಸಿದೆ. ಗೆದ್ದ ಕಪ್ಪುಗಳು ಆಫೀಸಿನ ಕಪಾಟಿನಲ್ಲಿ ಇವೆ. ಅವುಗಳ ಪಟ್ಟಿಯನ್ನು ಮತ್ತೆ ಬರೆಯಬೇಕಾಗಿಲ್ಲ. ಅದರ ಬದಲು ಬಾಸ್ಕೆಟ್‌ಬಾಲ್ ಆಟವನ್ನು ಕಟ್ಟಿದ ಜೇಮ್ಸ್ ನೈಸ್ಮಿತ್ ಎಂಬ ಮಾಸ್ತರರ ಬದುಕನ್ನು ಬರೆಯುತ್ತೇನೆ. ಅವರು ನಮ್ಮ ಊರಿನವರಲ್ಲ, ನಮ್ಮ ದೇಶದವರೂ ಅಲ್ಲ. ತೀರಿಕೊಂಡು ಎಂಬತ್ತು ವರ್ಷಗಳ ಮೇಲಾಯಿತು. ಆದರೂ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮೈದಾನಗಳಲ್ಲಿ ನಾನು ಸೀಟಿ ಊದಿದಾಗಲೆಲ್ಲ ಮಾಡಿದ್ದು ಅವರು ಹೇಳಿಕೊಟ್ಟ ಕೆಲಸವನ್ನೇ. ಒಮ್ಮೆ ಮಾತ್ರ ಅದನ್ನು ಸರಿಯಾಗಿ ಮಾಡಲಿಲ್ಲ. ಆ ಲೆಕ್ಕವನ್ನೂ ಕೊನೆಯಲ್ಲಿ ಒಪ್ಪಿಸುತ್ತೇನೆ.

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಆಲ್ಮಾಂಟ್ ಎಂಬ ಊರಿನ ಹತ್ತಿರ. ಸ್ಕಾಟ್ಲೆಂಡ್ ಮೂಲದ ಕುಟುಂಬ. 1870ರಲ್ಲಿ ಟೈಫಾಯ್ಡ್ ಜ್ವರ ಬಂದು ಕೆಲವೇ ವಾರಗಳ ಅಂತರದಲ್ಲಿ ತಂದೆಯೂ ತಾಯಿಯೂ ತೀರಿಕೊಂಡರು. ಜೇಮ್ಸ್ ಆಗ ಒಂಬತ್ತರ ಹುಡುಗ. ಸೋದರಮಾವ ಪೀಟರ್ ಯಂಗ್ ಮಕ್ಕಳನ್ನು ಸಾಕಿದರು. ಹೊಲದ ಕೆಲಸ, ಕುದುರೆ ಹೂಡುವುದು, ಕಟ್ಟಿಗೆ ಕಡಿಯುವುದು ಎಲ್ಲವನ್ನೂ ಹುಡುಗ ಕಲಿತ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಕೆಲವು ವರ್ಷ ಕಾಡಿನಲ್ಲಿ ಮರ ಕಡಿಯುವ ಕೂಲಿಗೆ ಹೋದ. ಭತ್ತದ ನಾಟಿ ಬಂತೆಂದರೆ, ಹತ್ತಿ ಬಿಡಿಸುವ ಕಾಲ ಬಂತೆಂದರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಏರುವುದನ್ನು ಕಂಡ ನಮ್ಮ ಭಾಗದ ಶಿಕ್ಷಕರಿಗೆ ಇದು ಹೊಸ ಕಥೆಯಲ್ಲ. ಹೊಸದು ಏನೆಂದರೆ, ಆ ಹುಡುಗ ತಿರುಗಿ ಬಂದ. ವಯಸ್ಸಿನಲ್ಲಿ ತನಗಿಂತ ಎಷ್ಟೋ ಚಿಕ್ಕವರ ಜೊತೆ ಬೆಂಚಿನ ಮೇಲೆ ಕೂತು ಹೈಸ್ಕೂಲು ಮುಗಿಸಿದ.

ಊರಿನ ಮಕ್ಕಳು ಆಡುತ್ತಿದ್ದ ಒಂದು ಆಟ ಮುಂದೆ ಅವರಿಗೆ ನೆರವಾಯಿತು. ನಮ್ಮ ಲಗೋರಿಯ ದಾಯಾದಿ ಎನ್ನಬಹುದು. ದೊಡ್ಡ ಬಂಡೆಯ ಮೇಲೆ ಒಂದು ಕಲ್ಲು ಇಟ್ಟಿರುತ್ತಾರೆ, ಅದನ್ನು ಕಾಯಲು ಒಬ್ಬ ಹುಡುಗ. ಉಳಿದವರು ದೂರದಿಂದ ಕಲ್ಲು ಬೀರಿ ಅದನ್ನು ಕೆಡವಬೇಕು, ತಮ್ಮ ಕಲ್ಲನ್ನು ಎತ್ತಿಕೊಂಡು ಕಾವಲಿನವನ ಕೈಗೆ ಸಿಗದೆ ವಾಪಸು ಓಡಬೇಕು. ಜೋರಾಗಿ ಬೀರಿದವನ ಕಲ್ಲು ಗುರಿ ತಪ್ಪಿದರೆ ಬಹಳ ದೂರ ಹೋಗಿ ಬೀಳುತ್ತಿತ್ತು. ಮೆಲ್ಲಗೆ, ಕಮಾನಿನಂತೆ ಮೇಲಕ್ಕೆ ಎಸೆದವನ ಕಲ್ಲು ಹತ್ತಿರದಲ್ಲೇ ಬೀಳುತ್ತಿತ್ತು. ಈ ಆಟದಲ್ಲಿ ತೋಳಿನ ಬಲಕ್ಕಿಂತ ಕೈಯ ಹದ ಮೇಲು ಎಂಬುದು ಜೇಮ್ಸ್‌ಗೆ ಬಾಲ್ಯದಲ್ಲೇ ತಿಳಿದಿತ್ತು.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಪಾದ್ರಿಯಾಗಬೇಕೆಂದು 1890ರವರೆಗೆ ಧರ್ಮಶಾಸ್ತ್ರ ಓದಿದರು. ಜೊತೆಗೆ ರಗ್ಬಿ, ಫುಟ್‌ಬಾಲ್ ಆಡುತ್ತಿದ್ದರು, ಹುಡುಗರಿಗೆ ಕಸರತ್ತು ಕಲಿಸುತ್ತಿದ್ದರು. ದೇವರ ಕೆಲಸಕ್ಕೆ ಹೊರಟವನಿಗೆ ಮೈದಾನದ ಹುಚ್ಚು ಯಾಕೆ ಎಂದು ಹಿರಿಯರು ಬೇಸರಪಟ್ಟುಕೊಂಡದ್ದೂ ಉಂಟು. ಒಂದು ಪಂದ್ಯದಲ್ಲಿ ಪಕ್ಕದ ಆಟಗಾರ ಸಿಟ್ಟಿನಲ್ಲಿ ಬೈಗುಳ ಆಡಿ, ಹತ್ತಿರದಲ್ಲೇ ನೈಸ್ಮಿತ್ ಇರುವುದನ್ನು ಕಂಡು ನಾಚಿ ಕ್ಷಮೆ ಕೇಳಿದನಂತೆ. ತಾವು ಒಂದು ಮಾತೂ ಆಡದೆ ಇನ್ನೊಬ್ಬ ತನ್ನನ್ನು ತಾನೇ ತಿದ್ದಿಕೊಂಡದ್ದು ಅವರನ್ನು ಯೋಚನೆಗೆ ಹಚ್ಚಿತು. ಪ್ರವಚನದಿಂದ ಆಗುವ ಕೆಲಸ ಆಟದ ಬಯಲಿನಲ್ಲೂ ಆಗುತ್ತದೆ ಎಂದು ನಂಬಿ, ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆ ಸೇರಿದರು. ಮರುವರ್ಷ ಅಲ್ಲೇ ಶಿಕ್ಷಕರಾದರು.

1891ರ ಚಳಿಗಾಲ. ಹೊರಗೆ ಹಿಮ ಬಿದ್ದಿತ್ತು, ಬಯಲಾಟ ಸಾಧ್ಯವಿರಲಿಲ್ಲ. ಒಳಗಿನ ವ್ಯಾಯಾಮ ಮಂದಿರದಲ್ಲಿ ದಿನವೂ ಅದೇ ಡ್ರಿಲ್ಲು ಮಾಡಿ ಬೇಸತ್ತ 18 ಜನರ ಒಂದು ತರಗತಿ ಯಾರ ಮಾತೂ ಕೇಳುತ್ತಿರಲಿಲ್ಲ. ಮೊದಲು ಹೋದ ಇಬ್ಬರು ಶಿಕ್ಷಕರು ಸೋತು ಕೈಬಿಟ್ಟಿದ್ದರು. ಮುಖ್ಯಸ್ಥರಾದ ಲೂಥರ್ ಗ್ಯುಲಿಕ್ ಆ ತರಗತಿಯನ್ನು ನೈಸ್ಮಿತ್‌ಗೆ ಒಪ್ಪಿಸಿ, ಒಳಗೆ ಆಡಬಹುದಾದ ಹೊಸ ಆಟವೊಂದನ್ನು 14 ದಿನಗಳಲ್ಲಿ ತಯಾರಿಸಬೇಕೆಂದರು. ನೈಸ್ಮಿತ್ ಹೊರಗಿನ ಆಟಗಳನ್ನೇ ಬದಲಿಸಿ ಒಳಗೆ ಆಡಿಸಿ ನೋಡಿದರು. ಫುಟ್‌ಬಾಲ್ ಆಡಿಸಿದರೆ ಪೆಟ್ಟು, ಲಕ್ರಾಸ್ ಆಡಿಸಿದರೆ ಇನ್ನೂ ಪೆಟ್ಟು. ಗಡುವು ಮುಗಿಯುತ್ತ ಬಂತು.

ಆಗ ಅವರು ಕೂತು ಯೋಚಿಸಿದ ರೀತಿಯನ್ನು ನಾನು ಬಹಳ ಮೆಚ್ಚುತ್ತೇನೆ. ಆಟದಲ್ಲಿ ಪೆಟ್ಟು ಬೀಳುವುದು ಯಾಕೆ? ಚೆಂಡು ಹಿಡಿದು ಓಡುವವನನ್ನು ತಡೆದು ಕೆಡವಬೇಕಾಗುತ್ತದೆ, ಅದಕ್ಕೆ. ಹಾಗಾದರೆ ಚೆಂಡು ಹಿಡಿದು ಓಡುವುದೇ ಬೇಡ. ಚೆಂಡನ್ನು ಜೋರಾಗಿ ಹೊಡೆಯುವುದು ಯಾಕೆ? ಗೋಲು ನೇರವಾಗಿ ಎದುರಿಗೆ ನಿಂತಿರುತ್ತದೆ, ಅದಕ್ಕೆ. ಹಾಗಾದರೆ ಗೋಲನ್ನು ತಲೆಯ ಮೇಲೆ, ಬಾಯಿ ಆಕಾಶಕ್ಕೆ ಇರುವಂತೆ ಇಡೋಣ. ಬಂಡೆಯ ಮೇಲಿನ ಕಲ್ಲಿಗೆ ಬೀರಿದ ಹಾಗೆ ಮೆಲ್ಲಗೆ ಎಸೆದರೆ ಮಾತ್ರ ಒಳಗೆ ಬೀಳಲಿ. ಶಾಲೆಯ ಜವಾನ ಸ್ಟೆಬಿನ್ಸ್ ಅವರ ಬಳಿ ಎರಡು ಪೆಟ್ಟಿಗೆ ಕೇಳಿದರು. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಎರಡು ಬುಟ್ಟಿ ಇದ್ದವು. ಅವನ್ನೇ ಎರಡು ಕಡೆಯ ಬಾಲ್ಕನಿಗೆ ಮೊಳೆ ಹೊಡೆದು ಕೂರಿಸಿದರು. ಆ ಬಾಲ್ಕನಿ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಇಂದಿಗೂ ಜಗತ್ತಿನ ಎಲ್ಲ ಅಂಕಣಗಳಲ್ಲಿ ರಿಂಗು ಅದೇ 10 ಅಡಿ, ಅಂದರೆ 3.05 ಮೀಟರ್ ಎತ್ತರದಲ್ಲಿದೆ.

ಆಮೇಲೆ 13 ನಿಯಮಗಳನ್ನು ಬರೆದು, ಟೈಪ್ ಮಾಡಿಸಿ, ಎರಡು ಹಾಳೆಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಮಸ್ಕಿಯ ಬಂಡೆಯ ಮೇಲೆ ಅಶೋಕ ತನ್ನ ಮಾತನ್ನು ಕೊರೆಸಿದ್ದೂ ಜನ ತಿಳಿಯಲಿ ಎಂದೇ ಅಲ್ಲವೆ? ನಿಯಮ ಎಲ್ಲರ ಕಣ್ಣ ಮುಂದೆ ಇರಬೇಕು, ಒಬ್ಬರ ಜೇಬಿನಲ್ಲಿ ಅಲ್ಲ.

ಆ 13 ನಿಯಮಗಳಲ್ಲಿ ಎರಡನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ನೈಸ್ಮಿತ್ ಒಬ್ಬ ತೀರ್ಪುಗಾರನನ್ನು ಇಡಲಿಲ್ಲ, ಇಬ್ಬರನ್ನು ಇಟ್ಟರು. ಹತ್ತನೆಯ ನಿಯಮದಲ್ಲಿ ಬರುವವನು ಅಂಪೈರ್. ಅವನು ಆಟಗಾರರ ಮೇಲಿನ ನ್ಯಾಯಾಧೀಶ. ಯಾರು ಭುಜದಿಂದ ದೂಡಿದರು, ಯಾರು ಹಿಡಿದರು, ಯಾರು ಕಾಲು ಕೊಟ್ಟು ಕೆಡವಿದರು ಎಂದು ನೋಡುವುದು, ಫೌಲುಗಳನ್ನು ಗುರುತು ಮಾಡಿಕೊಳ್ಳುವುದು, ಒಂದೇ ತಂಡದಿಂದ ಸತತ ಮೂರು ಫೌಲ್ ಆದರೆ ರೆಫರಿಗೆ ತಿಳಿಸುವುದು ಅವನ ಕೆಲಸ. ಎದುರಾಳಿ ನಡುವೆ ಫೌಲ್ ಮಾಡದೆ ಒಂದು ತಂಡ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು ಸಿಗುತ್ತಿತ್ತು. ಹಾಗಾಗಿ ಲೆಕ್ಕ ತಪ್ಪುವಂತಿರಲಿಲ್ಲ. ಒಬ್ಬನೇ ಎರಡನೆಯ ಸಲ ತಪ್ಪು ಮಾಡಿದರೆ ಮುಂದಿನ ಗೋಲು ಆಗುವವರೆಗೆ ಹೊರಗೆ. ಗಾಯ ಮಾಡಬೇಕೆಂದೇ ಮಾಡಿದ್ದರೆ ಇಡೀ ಪಂದ್ಯಕ್ಕೆ ಹೊರಗೆ, ಬದಲಿ ಆಟಗಾರನೂ ಇಲ್ಲ. ಹನ್ನೊಂದನೆಯ ನಿಯಮದಲ್ಲಿ ಬರುವವನು ರೆಫರಿ. ಅವನು ಚೆಂಡಿನ ಮೇಲಿನ ನ್ಯಾಯಾಧೀಶ. ಚೆಂಡು ಆಟದಲ್ಲಿದೆಯೇ, ಗೆರೆಯ ಒಳಗಿದೆಯೇ, ಯಾವ ತಂಡಕ್ಕೆ ಸೇರಬೇಕು, ಗೋಲು ಆಯಿತೇ, ಒಟ್ಟು ಎಷ್ಟು, ಸಮಯ ಎಷ್ಟಾಯಿತು ಎಂಬುದೆಲ್ಲ ಅವನ ಲೆಕ್ಕ. ಹದಿನೈದು ನಿಮಿಷಗಳ ಎರಡು ಅವಧಿ, ನಡುವೆ ಐದು ನಿಮಿಷ ವಿಶ್ರಾಂತಿ.

ಚೆಂಡಿಗೊಬ್ಬ, ಆಟಗಾರರಿಗೊಬ್ಬ. ಎರಡನ್ನೂ ಒಬ್ಬನ ಕಣ್ಣು ನೋಡಲಾರದು ಎಂಬುದು ಅವರಿಗೆ ಮೊದಲ ಪಂದ್ಯಕ್ಕೂ ಮೊದಲೇ ಗೊತ್ತಿತ್ತು. ಇನ್ನೂ ಒಂದು ಮಾತು: ಆಟಗಾರರನ್ನು ನೋಡುವವನನ್ನು ಮೊದಲು ಬರೆದು, ಚೆಂಡನ್ನು ನೋಡುವವನನ್ನು ಆಮೇಲೆ ಬರೆದಿದ್ದಾರೆ.

1891ರ ಡಿಸೆಂಬರ್ 21ರಂದು ಒಂಬತ್ತು ಒಂಬತ್ತು ಜನರ ಎರಡು ತಂಡ ಮಾಡಿ, ನೈಸ್ಮಿತ್ ತಾವೇ ಸೀಟಿ ಊದಿ, ಫುಟ್‌ಬಾಲ್ ಚೆಂಡನ್ನು ಮೇಲೆ ಎಸೆದರು. ಆ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು. ಹಾಕಿದವರು ವಿಲಿಯಂ ಚೇಸ್. ಬುಟ್ಟಿಗೆ ತಳ ಇದ್ದುದರಿಂದ ಒಳಗೆ ಬಿದ್ದ ಚೆಂಡನ್ನು ಏಣಿ ಹತ್ತಿ ತೆಗೆಯಬೇಕಾಗಿತ್ತು. ಬದುಕಿನ ಕೊನೆಯ ವರ್ಷದಲ್ಲಿ ರೇಡಿಯೊದಲ್ಲಿ ಮಾತಾಡುತ್ತ, ಆರಂಭದಲ್ಲಿ ಹುಡುಗರು ಹೊಡೆದಾಟಕ್ಕೇ ಇಳಿದುಬಿಟ್ಟಿದ್ದರು, ಬಿಡಿಸುವಷ್ಟರಲ್ಲಿ ಸಾಕಾಗಿತ್ತು ಎಂದು ಅವರು ನೆನೆಸಿಕೊಂಡರು. ಆದರೂ ಹುಡುಗರು ಮತ್ತೆ ಆಡಬೇಕೆಂದು ಅವರ ಬೆನ್ನುಬಿದ್ದರು. ಆಟಕ್ಕೆ ನೈಸ್ಮಿತ್ ಬಾಲ್ ಎಂದು ಹೆಸರಿಡೋಣ ಎಂದು ಒಬ್ಬ ವಿದ್ಯಾರ್ಥಿ ಸೂಚಿಸಿದಾಗ ಅವರು ನಕ್ಕು ಬೇಡ ಎಂದರು. ಬುಟ್ಟಿ ಇದೆ, ಚೆಂಡು ಇದೆ. ಬಾಸ್ಕೆಟ್‌ಬಾಲ್ ಎಂದೇ ಹೆಸರಾಯಿತು. ಹತ್ತಿರದ ಶಾಲೆಯ ಶಿಕ್ಷಕಿಯರು ನೋಡಲು ಬಂದು, ಹೆಂಗಸರು ಆಡಬಾರದೇ ಎಂದು ಕೇಳಿದಾಗ ಯಾಕೆ ಆಡಬಾರದು ಎಂದರು. ಹಾಗೆ ಆಡಲು ಬಂದವರಲ್ಲಿ ಒಬ್ಬರಾದ ಮಾಡ್ ಶೆರ್ಮನ್ ಅವರನ್ನು 1894ರಲ್ಲಿ ಮದುವೆಯಾದರು.

ಆಟ ಬೆಳೆದ ಹಾಗೆ ರೆಫರಿಯ ಲೆಕ್ಕವೂ ಬೆಳೆಯಿತು. ಈಗ ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್. ಚೆಂಡು ಸಿಕ್ಕ ತಂಡ 24 ಸೆಕೆಂಡಿನಲ್ಲಿ ಬುಟ್ಟಿಗೆ ಎಸೆಯಬೇಕು, 8 ಸೆಕೆಂಡಿನಲ್ಲಿ ಅರ್ಧ ಅಂಕಣ ದಾಟಬೇಕು. ಎದುರಾಳಿಯ ರಿಂಗಿನ ಕೆಳಗಿನ ಚೌಕದಲ್ಲಿ 3 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಗೆರೆಯ ಹೊರಗಿನಿಂದ ಚೆಂಡು ಒಳಗೆ ಎಸೆಯಲು 5 ಸೆಕೆಂಡು; ಇದು ನೈಸ್ಮಿತ್ ಬರೆದ ಐದೇ. ಒಬ್ಬ ಆಟಗಾರನಿಗೆ ಐದು ಫೌಲ್ ಆದರೆ ಅವನ ಪಂದ್ಯ ಮುಗಿಯಿತು. ಒಂದು ಕ್ವಾರ್ಟರಿನಲ್ಲಿ ತಂಡಕ್ಕೆ ನಾಲ್ಕು ಫೌಲ್ ತುಂಬಿದರೆ ಮುಂದಿನದಕ್ಕೆ ಎದುರಾಳಿಗೆ ಎರಡು ಫ್ರೀ ಥ್ರೋ. ಇದನ್ನೆಲ್ಲ ಬರೆದಿಡಲು, ಗಡಿಯಾರ ನೋಡಲು ಮೇಜಿನ ಬಳಿ ಸ್ಕೋರರ್, ಟೈಮರ್ ಕೂರುತ್ತಾರೆ. ಅಂಕಣದಲ್ಲಿ ಇಬ್ಬರು ಅಥವಾ ಮೂವರು ತೀರ್ಪುಗಾರರು. ಒಬ್ಬ ರಿಂಗಿನ ಕೆಳಗೆ ಗೆರೆಯ ಬಳಿ ಇದ್ದರೆ ಇನ್ನೊಬ್ಬ ಆಟದ ಹಿಂದೆ ಇರುತ್ತಾನೆ. ಚೆಂಡು ಯಾರ ಭಾಗದಲ್ಲಿದೆಯೋ ಅವನು ಚೆಂಡಿನ ಸುತ್ತ ನೋಡಬೇಕು, ಇನ್ನೊಬ್ಬ ಚೆಂಡಿಲ್ಲದ ಕಡೆ ನೋಡಬೇಕು. ಇಬ್ಬರೂ ಚೆಂಡನ್ನೇ ನೋಡಿದರೆ ಅರ್ಧ ಅಂಕಣಕ್ಕೆ ರೆಫರಿಯೇ ಇಲ್ಲದಂತಾಯಿತು. ನಿಯಮಪುಸ್ತಕ ಎಷ್ಟು ದಪ್ಪವಾದರೂ ಬೇರು ಅದೇ ಎರಡು ಹಾಳೆ.

ಈ ಆಟ ವೈ.ಎಂ.ಸಿ.ಎ. ಶಿಕ್ಷಕರ ಜೊತೆ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದ ಹ್ಯಾರಿ ಕ್ರೋ ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. ಅಲ್ಲಿ ತಯಾರಾದ ಮಾಸ್ತರರು ದಕ್ಷಿಣ ಭಾರತದ ಊರೂರಿಗೆ ಹೋದರು. ಹಾಗೆ ಕೈಯಿಂದ ಕೈಗೆ ದಾಟುತ್ತ ಆಟ ನಮ್ಮ ಎರೆಮಣ್ಣಿನ ಸೀಮೆಗೂ ಬಂತು.

ನೈಸ್ಮಿತ್ ಅವರ ಮುಂದಿನ ಬದುಕು ಸದ್ದಿಲ್ಲದ್ದು. 1895ರಲ್ಲಿ ಡೆನ್ವರ್ ನಗರಕ್ಕೆ ಹೋಗಿ ವೈ.ಎಂ.ಸಿ.ಎ. ಕೆಲಸ ಮಾಡುತ್ತಲೇ ವೈದ್ಯಕೀಯ ಓದಿ 1898ರಲ್ಲಿ ಡಾಕ್ಟರಾದರು. ಅದೇ ವರ್ಷ ಕನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಬಾಸ್ಕೆಟ್‌ಬಾಲ್ ತಂಡ ಕಟ್ಟಿದರು. ಮೊದಲ ಪಂದ್ಯದಲ್ಲೇ ತಂಡ 16-5ರಿಂದ ಸೋತಿತು. 1907ರವರೆಗೆ ಅವರ ತಂಡ ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ಕೋಚ್ ಎಂದರೆ ಆಟ ಕಂಡುಹಿಡಿದವರೊಬ್ಬರೇ! ಅವರಿಗೆ ಅದರ ಚಿಂತೆ ಇರಲಿಲ್ಲ. ಬಾಸ್ಕೆಟ್‌ಬಾಲ್ ಆಡುವಂಥದ್ದು, ಅದಕ್ಕೆ ಕೋಚಿಂಗ್ ಏಕೆ ಎಂಬುದು ಅವರ ನಿಲುವು. ಆಟದಿಂದ ಹಣ ಮಾಡಲೂ ಹೋಗಲಿಲ್ಲ. ಅವರ ಆ ಎರಡು ಹಾಳೆಗಳು 2010ರ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಹೋದವು.

1930ರ ದಶಕದಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕಪ್ಪು ವರ್ಣದ ವಿದ್ಯಾರ್ಥಿ ಕನ್ಸಾಸಿಗೆ ಓದಲು ಬಂದ. ಬಣ್ಣದ ಕಾರಣಕ್ಕೆ ವಿಶ್ವವಿದ್ಯಾಲಯದ ತಂಡದಲ್ಲಿ ಅವನಿಗೆ ಜಾಗವಿರಲಿಲ್ಲ. ವಯಸ್ಸಾಗಿದ್ದ ನೈಸ್ಮಿತ್ ಅವನ ಮಾರ್ಗದರ್ಶಕರಾಗಿ ನಿಂತು, ಬಿಡದೆ ಓದಿಸಿದರು. 1936ರಲ್ಲಿ ಪದವಿ ಪಡೆದ ಮೆಕ್ಲೆಂಡನ್ ಮುಂದೆ ಅಮೆರಿಕದ ದೊಡ್ಡ ಕೋಚ್‌ಗಳಲ್ಲಿ ಒಬ್ಬರಾದರು. ಎಲ್ಲರ ಕಣ್ಣೂ ಚೆಂಡು ಹಿಡಿದವನ ಮೇಲಿದ್ದಾಗ, ಗೆರೆಯಾಚೆ ನಿಲ್ಲಿಸಲ್ಪಟ್ಟವನನ್ನು ನೈಸ್ಮಿತ್ ನೋಡಿದರು. ಊರಿನಲ್ಲಿ ಯಾರನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಬಾಸ್ಕೆಟ್‌ಬಾಲ್ ಸೇರಿತು. ಅಲ್ಲಿಗೆ ಹೋಗಲು ಅವರ ಬಳಿ ಹಣವಿರಲಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಕೋಚ್‌ಗಳು ಮುಂದೆ ನಿಂತು ಕೂಡಿಸಿ ಕಳಿಸಿದರು. ಆಗಸ್ಟ್ 14ರಂದು ಅಂತಿಮ ಪಂದ್ಯ. ಆಡುವವರು ಅಮೆರಿಕ ಮತ್ತು ಕೆನಡಾ: ಒಂದು ಅವರು ಬಾಳುತ್ತಿದ್ದ ದೇಶ, ಇನ್ನೊಂದು ಹುಟ್ಟಿದ ದೇಶ. ಅಂಕಣ ಇದ್ದದ್ದು ಬಯಲಿನಲ್ಲಿ, ಮಣ್ಣಿನ ನೆಲದ ಮೇಲೆ. ಜೋರು ಮಳೆ. ಮಳೆ ಬಿದ್ದ ಎರೆಹೊಲದಲ್ಲಿ ಚೆಂಡು ಹಾಕಿದರೆ ಏನಾಗುತ್ತದೆ ಎಂದು ನಮ್ಮ ಮಕ್ಕಳಿಗೆ ಗೊತ್ತು. ಬಿದ್ದಲ್ಲೇ ಕೂರುತ್ತದೆ, ಪುಟಿಯುವುದಿಲ್ಲ. ಅಲ್ಲೂ ಹಾಗೆಯೇ ಆಯಿತು. ಅಮೆರಿಕ 19-8ರಿಂದ ಗೆದ್ದಿತು. ಪದಕ ಕೊಟ್ಟವರು ನೈಸ್ಮಿತ್. ಅದೇ ಮಳೆಯಿಂದಾಗಿ ಅಂದು ನಡೆಯಬೇಕಿದ್ದ ಹಾಕಿ ಫೈನಲ್ ಮರುದಿನಕ್ಕೆ ಹೋಯಿತು. ಆಗಸ್ಟ್ 15ರಂದು ಧ್ಯಾನ್‌ಚಂದ್ ನಾಯಕತ್ವದ ಭಾರತ ಜರ್ಮನಿಯನ್ನು 8-1ರಿಂದ ಸೋಲಿಸಿತು. ಹಾಕಿಯ ಆ ಕಥೆ ನಮಗೆಲ್ಲ ಗೊತ್ತು. ಹಿಂದಿನ ದಿನದ ಮಳೆಯಲ್ಲಿ, ಎರಡೂ ತಂಡ ತನ್ನದೇ ಆಗಿದ್ದ ಒಬ್ಬ ಮುದುಕರು ಅಲ್ಲಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೂರು ವರ್ಷದ ನಂತರ, 1939ರ ನವೆಂಬರ್ 28ರಂದು, ಕನ್ಸಾಸಿನ ಲಾರೆನ್ಸ್ ಊರಿನಲ್ಲಿ ಅವರು ತೀರಿಕೊಂಡರು.

ಈಗ ನನ್ನ ಲೆಕ್ಕ. ತಾಲ್ಲೂಕು ಮಟ್ಟದ ಒಂದು ಪಂದ್ಯ. ವರ್ಷ, ಊರು ಬೇಡ. ಒಂದು ತಂಡ ನಮ್ಮ ಶಾಲೆಯದು. ಆಡಿಸಬೇಕಾಗಿದ್ದ ಇನ್ನೊಬ್ಬ ಮಾಸ್ತರರು ವಾಲಿಬಾಲ್ ಕಡೆ ಹೋಗಬೇಕಾಯಿತು, ನಾನೊಬ್ಬನೇ ಸೀಟಿ ಹಿಡಿದೆ. ನಮ್ಮ ಎತ್ತರದ ಹುಡುಗನೊಬ್ಬ ರಿಂಗಿನ ಕೆಳಗೆ ಆಡುತ್ತಿದ್ದ. ಎದುರಾಳಿ ಹಿಂದಿನಿಂದ ಅಂಗಿ ಹಿಡಿಯುತ್ತಿದ್ದಾನೆ ಎಂದು ಎರಡು ಸಲ ಬಂದು ಹೇಳಿದ. ಸ್ವಂತ ಶಾಲೆಗೆ ಒಲಿದ ಎಂದು ಜನ ಆಡಿಕೊಂಡಾರು ಎಂಬ ಅಂಜಿಕೆ ನನಗೆ. ಬಾಯಿ ಮುಚ್ಚಿಕೊಂಡು ಆಡು ಎಂದು ಗದರಿದೆ, ಚೆಂಡನ್ನೇ ನೋಡುತ್ತ ಉಳಿದೆ. ಕೊನೆಯ ನಿಮಿಷಗಳಲ್ಲಿ ಅವನು ಬಿಡಿಸಿಕೊಳ್ಳಲು ಮೊಣಕೈ ಬೀಸಿದ. ಅದು ಮಾತ್ರ ನನಗೆ ಕಂಡಿತು. ಅವನ ಐದನೆಯ ಫೌಲ್, ಹೊರಗೆ ಕಳಿಸಿದೆ. ನಮ್ಮ ತಂಡ ಒಂದು ಪಾಯಿಂಟಿನಿಂದ ಸೋತಿತು. ಆಮೇಲೆ ಅವನು ನನ್ನ ಮುಂದೆ ಬಂದು, ಏನೂ ಮಾತಾಡದೆ, ಸೊಂಟದ ಬಳಿ ಹೊಲಿಗೆ ಬಿಟ್ಟು ಹರಿದ ಅಂಗಿಯನ್ನು ತೋರಿಸಿದ. ಮನೆಯಲ್ಲಿ ಅದು ಶಾಲೆಗೂ ಹಬ್ಬಕ್ಕೂ ಇದ್ದ ಒಂದೇ ಬಿಳಿ ಅಂಗಿ ಎಂದು ನನಗೆ ಗೊತ್ತಿತ್ತು. ನಾನು ಮುಖ ತಿರುಗಿಸಿದೆ. ಅವನು ಮತ್ತೆ ಆಟಕ್ಕೆ ಬರಲಿಲ್ಲ.

ಪಕ್ಷಪಾತ ಮಾಡಬಾರದೆಂದು ಹೊರಟವನು ನನ್ನ ಹುಡುಗನ ವಿರುದ್ಧವೇ ಪಕ್ಷ ವಹಿಸಿದ್ದೆ. ಎಷ್ಟೋ ವರ್ಷದ ಮೇಲೆ ಆ 13 ನಿಯಮಗಳನ್ನು ಸಾವಧಾನವಾಗಿ ಓದಿದಾಗ, ಹತ್ತನೆಯದು ಹನ್ನೊಂದನೆಯದಕ್ಕಿಂತ ಮೊದಲು ಯಾಕಿದೆ ಎಂದು ನನಗೆ ಅರ್ಥವಾಯಿತು. ಚೆಂಡು ಎಲ್ಲಿಗೆ ಹೋಯಿತೆಂದು ನೋಡುವವರು ಸಾವಿರ ಮಂದಿ ಇರುತ್ತಾರೆ. ಅಂಗಿ ಹಿಡಿದದ್ದನ್ನು ರೆಫರಿ ನೋಡದಿದ್ದರೆ ಇನ್ನಾರೂ ನೋಡುವುದಿಲ್ಲ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ, ಮಹೋತ್ಸವಕ್ಕೆ ಬರುತ್ತಾನೆಂದು ಕೇಳಿದ್ದೇನೆ. ಈ ಸಂಚಿಕೆ ಅವನ ಕೈಗೂ ಸೇರುತ್ತದೆ. ಅಪ್ಪಾ, ಅಂದು ನೀನು ಹೇಳಿದ್ದು ನಿಜ. ತಪ್ಪು ನನ್ನದು.

ನಮ್ಮ ಮೈದಾನದಲ್ಲಿ ಮುಂದೆ ಸೀಟಿ ಹಿಡಿಯುವ ಮಾಸ್ತರರಿಗೂ, ಟೀಚರಮ್ಮಂದಿರಿಗೂ ನನ್ನ ಬಿನ್ನಹ ಇಷ್ಟೇ. ಎರಡನೆಯ ರೆಫರಿ ಬರುವವರೆಗೆ ಪಂದ್ಯ ಶುರು ಮಾಡಬೇಡಿ. ಫೌಲುಗಳನ್ನು ನೆನಪಿನಲ್ಲಿ ಅಲ್ಲ, ಹಾಳೆಯಲ್ಲಿ ಇಡಿ. ಹುಡುಗನೊಬ್ಬ ಬಂದು ಏನಾದರೂ ಹೇಳಿದರೆ ಮುಂದಿನ ಸಲ ಆ ಕಡೆ ಒಮ್ಮೆ ನೋಡಿ. ಚೆಂಡು ಬುಟ್ಟಿಯ ಕಡೆ ಮೇಲೆ ಹೋದಾಗ ಕಣ್ಣನ್ನು ಅದರ ಜೊತೆ ಕಳಿಸಬೇಡಿ, ಕೆಳಗಿರುವ ಮಕ್ಕಳ ಮೇಲೆ ಇಡಿ. ಚೆಂಡು ಹೇಗೂ ಕೆಳಗೆ ಬರುತ್ತದೆ.